ಬೆಳಗಾಯಿತೆಂದು ಹೇಳುವವರು ಬೇಕು



ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ, ಸಂಗಾತಿಗಳ ಮೇಲೂ ಸಲಾತ್, ಸಲಾಮ್.

ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ಎಂದೊಡನೆ ಸೂರಃ ಅಬಸ ನೆನಪಾಗುತ್ತದೆ. ಆ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಇಂದು ನೋಡಬೇಕಾದದ್ದು ಆ ಅಂಧ ಸಹಾಬಿಯ ಮದೀನಾದ ಬದುಕು. ಬಿಲಾಲ್(ರ) ರಾತ್ರಿ ಇರುವಾಗಲೇ ಅಝಾನ್ ಕೊಡುತ್ತಾರೆ, ಇಬ್ನು ಉಮ್ಮಿ ಮಕ್ತೂಮ್ ಕೊಡುವ ತನಕ ತಿನ್ನಬಹುದು, ಕುಡಿಯಬಹುದು ಎಂದು ಪ್ರವಾದಿ(ಸ)ರು ತಿಳಿಸಿದ್ದರು. ಇಡೀ ಊರಿನ ಸಹ್ರಿ ಮುಗಿಯುತ್ತಿದ್ದದ್ದು ಬೆಳಕು ಕಾಣದ ಒಬ್ಬರ ಕರೆಯಿಂದ! ಬೆಳಗಾಯಿತೆಂದು ಯಾರಾದರೂ ಹೇಳಿದ ಮೇಲೆಯೇ ಅವರು ಅಝಾನ್ ಕೊಡುತ್ತಿದ್ದರೆಂದು ಬುಖಾರಿಯಲ್ಲಿದೆ. ಹೊಣೆ ಅವರದು, ಅದಕ್ಕೆ ಬೇಕಾದ ಕಣ್ಣು ಜಮಾಅತಿನದು. ಪ್ರವಾದಿ(ಸ)ರು ಊರಲ್ಲಿಲ್ಲದಾಗ ಜನರಿಗೆ ಇಮಾಮರಾಗಿ ನಿಂತದ್ದೂ ಅವರೇ.

ಮುಂದೆ ಉಮವೀ ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್ ಅಂಧರಿಗೆ ದಾರಿ ತೋರುವವರನ್ನೂ ನಡೆಯಲಾಗದವರಿಗೆ ಸೇವಕರನ್ನೂ ನೇಮಿಸಿದರೆಂದು ತಬರಿ ಬರೆದಿದ್ದಾರೆ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಸರಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ ಇದೆ. ಗ್ರಾಮ ಪಂಚಾಯತಿ ತನ್ನ ಸ್ವಂತ ಸಂಪನ್ಮೂಲದ ಶೇ. 5ನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಅರ್ಜಿಗೆ ನೆರವಾಗಲು ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ.

ಆದರೆ ಇದೆಲ್ಲ ಮನೆಗೆ ಬರಬೇಕಾದರೆ ಹೆಸರು ಪಟ್ಟಿಯಲ್ಲಿರಬೇಕು. ಅಕ್ಕನಿಗೆ ಸಂಬಂಧ ಕೂಡಿಬರಲಿಕ್ಕಿಲ್ಲವೆಂದು ಹೆದರಿ ತಂಗಿಯನ್ನು ಒಳಕೋಣೆಯಲ್ಲಿಟ್ಟು, ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕದ ಮನೆಗಳಿವೆ. ಮುಚ್ಚಿಟ್ಟ ಮಗುವಿಗೆ ಪಿಂಚಣಿಯಿಲ್ಲ, ಬಸ್ ಪಾಸಿಲ್ಲ, ಅಲಿಫ್ ಬಾ ಕೂಡ ಇಲ್ಲ. ಅಲ್ಲಾಹನು ಕೊಟ್ಟ ಮಗುವನ್ನು ಯಾರಿಂದ ಮುಚ್ಚಿಡುತ್ತಿದ್ದೇವೆ?

ಇನ್ನು ಕೆಲವರ ಕಷ್ಟವೇ ಬೇರೆ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ಎಸ್ಟೇಟ್ ಲೈನಿನಲ್ಲಿರುವ ತಾಯಿ ತಪಾಸಣೆಗೆಂದು ಒಂದು ದಿನದ ಕೂಲಿ ಬಿಟ್ಟು, ನಡೆಯಲಾಗದ ಮಗನನ್ನು ಎತ್ತಿಕೊಂಡು ಬಸ್ಸು ಹತ್ತಬೇಕು. ಮಳೆಗಾಲದಲ್ಲಿ ಕೇಳುವುದೇ ಬೇಡ. ಉಮ್ರಾಕ್ಕೆ ಹೊರಟವರನ್ನು ಬೀಳ್ಕೊಡಲು ನಾಲ್ಕು ಜೀಪು ಸಿಗುವ ಊರಿನಲ್ಲಿ ಈ ತಾಯಿಗೆ ಒಂದು ಜೀಪು ಸಿಗಬಾರದೇ?

ನಮ್ಮ ಮಸೀದಿಗಳನ್ನೂ ನೋಡಿ. ಹೆಚ್ಚಿನವು ಇಳಿಜಾರಿನಲ್ಲಿವೆ. ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ, ವುಝೂ ಮಾಡುವಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲ. ಬರಲಾಗದವರಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ, ನಿಜ. ಆ ರಿಯಾಯಿತಿ ಅವರಿಗೆ. ರ‍್ಯಾಂಪ್ ಕಟ್ಟದಿರಲು ನಮಗೆ ಸಿಕ್ಕ ನೆಪವಲ್ಲ. ಮಿನಾರಕ್ಕೆ ಬಣ್ಣ ಬಳಿಯುವ ಮೊದಲು ಇದಾಗಲಿ.

ನಮಾಝಿನ ನಂತರ ಕಾರ್ಯದರ್ಶಿಯವರು ಪುಸ್ತಕ ಹಿಡಿದು ಬಾಗಿಲ ಬಳಿ ಕೂರುತ್ತಾರೆ. ಮನೆಯಲ್ಲಿ ಇಂಥವರಿದ್ದರೆ ಹೆಸರು, ವಯಸ್ಸು, ಕಾರ್ಡ್ ಇದೆಯೇ ಎಂಬುದನ್ನು ಬರೆಸಿ. ಸಂಕೋಚವಿದ್ದರೆ ನನ್ನಲ್ಲಿ ಹೇಳಿ. ಜೀಪಿರುವವರು ತಮ್ಮ ಹೆಸರನ್ನೂ ಬರೆಸಿ ಹೋಗಿ.