ಸೇವೆಗೆ ಹೋದ ಮಕ್ಕಳು ಹೇಳಿದ್ದು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಹಾಲಿನ ಲೆಕ್ಕ, ಬೋನಸ್ಸಿನ ವಿಚಾರ ಎಲ್ಲವನ್ನೂ ಕಾರ್ಯದರ್ಶಿಗಳು ಹೇಳಿದ್ದಾರೆ. ಎಸ್.ಎಸ್.ಎಲ್.ಸಿ. ಓದಿದ ನಾನು ಆಸ್ಪತ್ರೆಯ ವಿಷಯ ಮಾತಾಡುವುದು ಅಧಿಕಪ್ರಸಂಗ ಅನ್ನಿಸಬಹುದು. ಆದರೂ ಕೊರೋನಾ ಕಾಲದ ಒಂದು ಸಂಗತಿ ಹೇಳಿಬಿಡುತ್ತೇನೆ.

2021ರ ಎರಡನೇ ಅಲೆಯಲ್ಲಿ ನನ್ನ ತಂಗಿಯ ಮಗಳು ಜಿ.ಎನ್.ಎಂ. ಕೊನೇ ವರ್ಷದಲ್ಲಿದ್ದಳು. ಆ ಮೇ 3ರಂದು ಕೇಂದ್ರ ಸರ್ಕಾರವು, ಕೊನೆಯ ಪರೀಕ್ಷೆಗೆ ಕಾದಿರುವ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಬಳಸಿಕೊಳ್ಳಬಹುದು ಎಂದು ತಿಳಿಸಿತು. ಲಸಿಕೆ ಉಂಟು, ವಿಮೆ ಉಂಟು, 100 ದಿನ ಪೂರೈಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಉಂಟು ಎಂದೂ ಹೇಳಿತ್ತು. ನಮ್ಮ ಭಾವ ಬೇಡವೆಂದರು. ಇವಳು ಹಟ ಹಿಡಿದಳು. ಬಸ್ಸು ನಿಂತಿತ್ತು, ನಾನೇ ಗಾಡಿಯಲ್ಲಿ ಬಿಟ್ಟು ಬಂದೆ.

ಎಲ್ಲ ಮುಗಿದ ಮೇಲೆ ಅವಳೂ ಅವಳ ಮೂವರು ಗೆಳತಿಯರೂ ನಮ್ಮ ಮನೆಗೆ ಬಂದಿದ್ದರು. ಇನ್ನೊಂದು ಸಲ ಇಂಥಾ ಕಾಲ ಬಂದರೆ ಹೋಗ್ತೀರೇನ್ರಮ್ಮ ಅಂದೆ. "ಹೋಗ್ತೀವಿ ಮಾವ, ಆದರೆ ಹೀಗಲ್ಲ" ಅಂದಳು.

ಅವರು ಕೆಲಸಕ್ಕೆ ಹೆದರಿದವರಲ್ಲ. ರೋಗಿಯನ್ನು ಬೋರಲು ಮಲಗಿಸುವುದು, ಆಕ್ಸಿಜನ್ ಮಟ್ಟ ನೋಡುವುದು, ಇದನ್ನೆಲ್ಲ ತರಗತಿಗಿಂತ ಅಲ್ಲೇ ಚೆನ್ನಾಗಿ ಕಲಿತೆವು ಅಂದರು. ಪಿ.ಪಿ.ಇ. ಕಿಟ್ಟನ್ನು ಹಾಕುವುದಕ್ಕಿಂತ ಬಿಚ್ಚುವಾಗ ಅಪಾಯ ಹೆಚ್ಚಂತೆ, ಹೊರಮೈಯಲ್ಲಿ ಸೋಂಕು ಕೂತಿರುತ್ತದೆ. ಅದನ್ನು ಇವರಿಗೆ ಅರ್ಧ ಗಂಟೆಯಲ್ಲಿ ತೋರಿಸಿ ವಾರ್ಡಿಗೆ ಕಳಿಸಿದರು. ಒಳಗೆ ಹೋದರೆ ಆರು ಗಂಟೆ ನೀರಿಲ್ಲ, ಶೌಚವಿಲ್ಲ. ರಾತ್ರಿ ಅನುಮಾನ ಬಂದರೆ ಕೇಳುವುದು ಯಾರನ್ನ? ಆಸ್ಪತ್ರೆಯವರು ಕಾಲೇಜನ್ನು ಕೇಳಿ ಅಂದರು, ಕಾಲೇಜಿನವರು ಆಸ್ಪತ್ರೆ ಕಡೆ ಕೈ ತೋರಿಸಿದರು. ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಒಬ್ಬಳಿಗೆ ಜ್ವರ ಬಂದಾಗ ಅವಳು ಸಿಬ್ಬಂದಿಯೋ ವಿದ್ಯಾರ್ಥಿಯೋ ಎಂದು ತೀರ್ಮಾನವಾಗಲು ಮೂರು ದಿನ ಬೇಕಾಯಿತು. ಅಷ್ಟು ದಿನ ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ ಮಲಗಿದ್ದಳು, ಮನೆಗೂ ಯಾರೂ ತಿಳಿಸಲಿಲ್ಲ.

ಅವರಲ್ಲಿ ಸುಮ್ಮನೆ ಕೂತಿದ್ದ ಹುಡುಗಿ ಕೊನೆಗೆ ಒಂದು ಮಾತು ಹೇಳಿದಳು. "ನನಗೆ ಇಷ್ಟ ಇರಲಿಲ್ಲ. ಸ್ವಂತ ಇಚ್ಛೆ ಅಂತ ಬರೆಸಿಕೊಂಡರು. ಮಾರ್ಕ್ಸ್ ಅವರ ಕೈಯಲ್ಲಿರುವಾಗ ಆಗಲ್ಲ ಅನ್ನೋಕೆ ಆಗ್ತದಾ ಅಂಕಲ್?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕೆಂದರೆ ನಾನು ಮಾಡಿದ್ದೂ ಅದೇ. 2020ರಲ್ಲಿ ದಿನಸಿ ಕಿಟ್ ಹಂಚಲು ಊರಿನ ಹುಡುಗರನ್ನು "ನಡೀರೋ" ಅಂತ ಎಬ್ಬಿಸಿಕೊಂಡು ಹೋದವನು ನಾನು. ಅವರ ಮನೆಯವರನ್ನು ಕೇಳಲಿಲ್ಲ. ಮೇಲಿನ ಬೀದಿಗೆ ಎರಡು ಸಲ ಕಿಟ್ ಹೋಯಿತು, ಕೆರೆ ಹಿಂದಿನ ನಾಲ್ಕು ಮನೆಗೆ ಹೋಗಲೇ ಇಲ್ಲ. ದಿನಾ ಎರಡು ಹೊತ್ತು ಪ್ರತಿ ಸದಸ್ಯರ ಹಾಲಿನ ಫ್ಯಾಟು, ಲೀಟರು ಬರೆದಿಡುವ ನಾವು, ಆ ಹುಡುಗರ ಹೆಸರನ್ನೂ ಬರೆದಿಡಲಿಲ್ಲ.

ಅದಕ್ಕೇ ಮುಂದಿನ ಸರ್ವಸದಸ್ಯರ ಸಭೆಗೆ ಒಂದು ವಿಷಯ ಕೊಟ್ಟಿದ್ದೇನೆ. ಸಂಘದಲ್ಲಿ ಒಂದು ಪುಸ್ತಕ ಇಡೋಣ. ಯಾರು ತಾವಾಗಿ ಬರುತ್ತಾರೆ, ಯಾವ ಕೆಲಸ ಬಲ್ಲರು, ಮನೆಯವರ ಫೋನ್ ನಂಬರ್ ಏನು, ಅವರಿಗೆ ಕಾಯಿಲೆಯಾದರೆ ಓಡಾಡುವವರು ಯಾರು, ಇಷ್ಟು ಬರೆಯೋಣ. ಕೊನೇ ಕಾಲಮ್ಮಿನಲ್ಲಿ ಮೊದಲು ನನ್ನ ಹೆಸರು ಹಾಕಿಕೊಳ್ಳಿ.