ಹಳೆಯ ಮೈದಾನ, ಹೊಸ ಕ್ರೀಡಾಂಗಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ, ಗ್ರಾಮೀಣ ವಿದ್ಯಾರ್ಥಿ ಮತ್ತು ಕಂಪ್ಯೂಟರ್ ಶಿಕ್ಷಣ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನಿಗೆ ಬೇರೆ ಯಾವ ವಿಷಯ ಕೊಡುತ್ತಾರೆ ಹೇಳಿ! ಆದರೆ ಅದರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಅಧ್ಯಕ್ಷರ ಅಪ್ಪಣೆ ಪಡೆದು ನಾನು ಇವತ್ತು ಚೆಂಡಿನ ವಿಷಯ ಮಾತಾಡುತ್ತೇನೆ. ಅದಕ್ಕೆ ಕಾರಣವೂ ಇದೆ. ಮಹೋತ್ಸವದ ನೆನಪಿಗೆ ಒಂದು ಸಮುದಾಯ ಭವನ ಕಟ್ಟಬೇಕು, ಮೈದಾನದ ಪಡುವಣ ಭಾಗದಲ್ಲಿ ಜಾಗ ಇದೆ ಎಂಬ ಮಾತು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಡೆಯುತ್ತಿದೆ. "ಆಟಕ್ಕೆ ಮಂಡ್ಯದಲ್ಲಿ ಸರ್ ಎಂ.ವಿ. ಕ್ರೀಡಾಂಗಣ ಇಲ್ವಾ? ಈ ಕಾಲದಲ್ಲಿ ಸ್ಕೂಲಿಗೆ ಇಷ್ಟು ದೊಡ್ಡ ಬಯಲು ಯಾಕ್ಲಾ?" ಎಂದು ನನ್ನ ಗೆಳೆಯನೊಬ್ಬ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗೆ ಗೊತ್ತಿರುವ ಉತ್ತರ ಬೆಂಗಳೂರಿನ ಎರಡು ಮೈದಾನಗಳ ಕಥೆಯಲ್ಲಿದೆ.

ನಮ್ಮ ಮದ್ದೂರು, ಮಳವಳ್ಳಿ ಕಡೆ ಫುಟ್ಬಾಲ್ ಅಷ್ಟಾಗಿ ಇಲ್ಲ. ನಮ್ಮದು ಕಬಡ್ಡಿ, ಖೋಖೋ, ವಾಲಿಬಾಲ್. ನಾವು ಒದ್ದ ಫುಟ್ಬಾಲ್ ಅಂದರೆ ಹೊಲಿಗೆ ಬಿಟ್ಟ ವಾಲಿಬಾಲೇ. ಬೆಂಗಳೂರಿನಲ್ಲಿ ಹಾಗಲ್ಲ. ದಂಡು ಪ್ರದೇಶದ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿ ಅದು ತಲೆಮಾರುಗಳ ಆಟ. ಬ್ರಿಟಿಷರ ಪಲ್ಟನ್ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್ಬಾಲ್ ಪಂದ್ಯದಲ್ಲಿ, ಫ್ರಾನ್ಸ್ ವಿರುದ್ಧ ಬರಿಗಾಲಿನ ನಮ್ಮ ತಂಡಕ್ಕೆ ಬಂದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಈ ಪರಂಪರೆಯ ಮನೆ ಅಂದರೆ ಅಶೋಕನಗರದ ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣ. 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ ಹುಟ್ಟಿದಾಗ ತನ್ನ ಮೊದಲ ಲೀಗನ್ನು ಆಡಿದ್ದು ಅಲ್ಲಿಯೇ. ಸುನಿಲ್ ಛೆಟ್ರಿ ನಾಯಕ, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ತರಬೇತುದಾರ. ಸೆಪ್ಟೆಂಬರ್ 22ರಂದು ಕೋಲ್ಕತ್ತದ ಮೋಹನ್ ಬಾಗಾನ್ ಜೊತೆ ಮೊದಲ ಪಂದ್ಯ 1-1ರಲ್ಲಿ ಮುಗಿಯಿತು. ಏಪ್ರಿಲ್ ಹೊತ್ತಿಗೆ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದುಬಿಟ್ಟರು. ಆ ಋತುವಿನ ಕೆಲವು ಪಂದ್ಯಗಳಿಗೆ ಆಫೀಸಿನ ಗೆಳೆಯರ ಜೊತೆ ನಾನೂ ಹೋಗಿದ್ದೆ.

ಅದು ದೊಡ್ಡ ಕ್ರೀಡಾಂಗಣವಲ್ಲ. ಕಾಂಕ್ರೀಟಿನ ಮೆಟ್ಟಿಲು, ನೆಲಕ್ಕೆ ಕೃತಕ ಹುಲ್ಲು. ಆದರೆ ಫುಟ್ಬಾಲಿಗೆಂದೇ ಕಟ್ಟಿದ್ದು. ಅಂಕಣಕ್ಕೂ ಜನಕ್ಕೂ ನಡುವೆ ಓಟದ ಪಥ ಇಲ್ಲ. ಆಟಗಾರ ಪಕ್ಕದವನನ್ನು ಕೂಗಿ ಕರೆದದ್ದು ನಮಗೆ ಕೇಳುತ್ತಿತ್ತು, ನಾವು ಕೂಗಿದ್ದು ಅವನಿಗೆ ಕೇಳುತ್ತಿತ್ತು. ಪಶ್ಚಿಮ ದಿಕ್ಕಿನ ಗ್ಯಾಲರಿಯಲ್ಲಿ ಒಂದಿಷ್ಟು ಹುಡುಗರು ನಿಂತೇ ಪಂದ್ಯ ನೋಡುತ್ತಿದ್ದರು, ಮುಗಿಯುವ ತನಕ ಹಾಡುತ್ತಿದ್ದರು. ಕೂತ ಜಾಗದ ಹೆಸರೇ ಅವರ ಹೆಸರಾಯಿತು, ವೆಸ್ಟ್ ಬ್ಲಾಕ್ ಬ್ಲೂಸ್.

ಮುಂದಿನ ಋತುವಿಗೆ ಕ್ಲಬ್ಬು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಆ ಹೆಸರು ನಮಗೆ ಹೊಸದಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು ಆಳಿದ್ದು ನಮ್ಮ ಶ್ರೀರಂಗಪಟ್ಟಣದಿಂದ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ ಅದು. ಇಪ್ಪತ್ತು ಸಾವಿರಕ್ಕೂ ಮೀರಿ ಜನ ಹಿಡಿಸುತ್ತಾರೆ. ನಿಜವಾದ ಹುಲ್ಲು, ಹೊನಲು ಬೆಳಕು, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಕೂರಬಹುದಾದ ಆಸನಗಳು. ಹಾಗಿದ್ದೂ ಅಭಿಮಾನಿಗಳ ನಡುವೆ ಚರ್ಚೆ ಶುರುವಾಯಿತು. "ಹಳೇದೇ ಚೆನ್ನಾಗಿತ್ತು" ಅನ್ನುವವರು ಒಂದು ಕಡೆ, "ದೊಡ್ಡ ತಂಡಕ್ಕೆ ದೊಡ್ಡ ಮೈದಾನ ಬೇಡವೇ?" ಅನ್ನುವವರು ಇನ್ನೊಂದು ಕಡೆ.

ಹಳೆಯದರ ಮೇಲಿನ ಮೋಹ ಎಂದು ಇದನ್ನು ತಳ್ಳಿಹಾಕಬಹುದು. ಇಂಜಿನಿಯರ್ ಬುದ್ಧಿ ಬಿಡುವುದಿಲ್ಲವಲ್ಲ, ನಾನು ಲೆಕ್ಕ ಹಾಕಿ ನೋಡಿದೆ. ಫುಟ್ಬಾಲ್ ಅಂಕಣದ ಅಂತಾರಾಷ್ಟ್ರೀಯ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 1 ಎಕರೆ 30 ಗುಂಟೆ. ಅದರ ಸುತ್ತ 400 ಮೀಟರಿನ, ಎಂಟು ಲೇನಿನ ಓಟದ ಪಥ ಹಾಕಿದರೆ, ಅಂಕಣದ ಪಕ್ಕದಲ್ಲಿ ಕೂತವನು ಗೆರೆಯಿಂದ ಕನಿಷ್ಠ 12 ಮೀಟರ್ ದೂರವಾಗುತ್ತಾನೆ. ಗೋಲಿನ ಹಿಂದೆ ಕೂತವನು ಸುಮಾರು 36 ಮೀಟರ್ ದೂರವಾಗುತ್ತಾನೆ. ಅಂದರೆ ಈ ಶಾಲೆಯ ನಾಲ್ಕೈದು ಕೊಠಡಿ ಸಾಲಾಗಿ ಇಟ್ಟಷ್ಟು ದೂರ. ಹುಡುಗರು ಹೇಳುತ್ತಿದ್ದದ್ದು ಬರೀ ಮೋಹವಲ್ಲ, ಟೇಪು ಹಿಡಿದು ಅಳೆಯಬಹುದಾದ ಸತ್ಯ. ಅವರು ಕಳೆದುಕೊಂಡದ್ದು ಹತ್ತಿರ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆ ಪಥವನ್ನು ಫುಟ್ಬಾಲ್ ಪ್ರೇಮಿ ಶಾಪ ಹಾಕಬಹುದು, ಆದರೆ ಓಟಗಾರನಿಗೆ ಅದೇ ದೇವಸ್ಥಾನ. ಕಂಠೀರವದಲ್ಲಿ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡುವ ಅಥ್ಲೀಟುಗಳಿಗೂ ಫುಟ್ಬಾಲಿಗೂ ಮೈದಾನದ ವಿಚಾರವಾಗಿ ತಕರಾರು ಎದ್ದು ಪತ್ರಿಕೆಗಳಲ್ಲಿ ಸುದ್ದಿಯಾದದ್ದೂ ಉಂಟು. ಯಾರದು ತಪ್ಪು ಎಂಬುದು ನನ್ನ ವಿಷಯವಲ್ಲ. ಅಷ್ಟು ದೊಡ್ಡ ಊರಿನಲ್ಲಿ ಬಯಲಿಗೆ ಎಷ್ಟು ಬರ ಬಂದಿದೆ, ಒಂದೇ ಜಾಗಕ್ಕೆ ಎಷ್ಟು ಜನ ಕಾಯಬೇಕಾಗಿದೆ ಎಂಬುದನ್ನು ಮಾತ್ರ ಗಮನಿಸಿ.

ಹೊಸ ಮೈದಾನವೂ ನಿಧಾನವಾಗಿ ಮನೆಯಾಯಿತು. ವೆಸ್ಟ್ ಬ್ಲಾಕಿನ ಹುಡುಗರು ಅಶೋಕನಗರ ಬಿಟ್ಟರೂ ಹೆಸರು ಬಿಡಲಿಲ್ಲ, ಕಂಠೀರವದಲ್ಲೂ ಪಶ್ಚಿಮ ದಿಕ್ಕನ್ನೇ ಹಿಡಿದರು. 2016ರ ಅಕ್ಟೋಬರಿನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್ ಅಲ್ಲಿಯೇ ನಡೆಯಿತು. ಹಿಂದಿನ ವರ್ಷ ಅದೇ ಕಪ್ ಗೆದ್ದಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು ನಮ್ಮವರು 3-1ರಿಂದ ಸೋಲಿಸಿ, ಆ ಕಪ್ಪಿನ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆದರು. ಅವತ್ತಿನಿಂದ ಕಂಠೀರವ ಚಿಕ್ಕದೋ ದೊಡ್ಡದೋ, ದೂರವೋ ಹತ್ತಿರವೋ ಎನ್ನುವ ಮಾತು ಸ್ವಲ್ಪ ತಣ್ಣಗಾಯಿತು. ಮೈದಾನಕ್ಕೆ ಪ್ರೀತಿ ಹುಟ್ಟುವುದು ಅಲ್ಲಿ ನಡೆದದ್ದರಿಂದ. ಅದು ಕಟ್ಟಿದ ದಿನವೇ ಬರುವುದಿಲ್ಲ, ಕಂಟ್ರಾಕ್ಟರು ಅದನ್ನು ಬಿಲ್ಲಿನಲ್ಲಿ ಸೇರಿಸುವುದಿಲ್ಲ.

ಹಳೆಯ ಕ್ರೀಡಾಂಗಣ ಏನಾಯಿತು ಎಂದು ಕೇಳುತ್ತೀರಿ. ಅದು ಉಳಿಯಿತು. ದೊಡ್ಡ ತಂಡ ಹೋದ ಮೇಲೂ ಬೆಂಗಳೂರಿನ ಸ್ಥಳೀಯ ಲೀಗುಗಳು ಅಲ್ಲಿಯೇ ನಡೆದವು. ಟಿ.ವಿ.ಯಲ್ಲಿ ಬಾರದ, ಹೆಸರಿನ್ನೂ ಬಾರದ ಹುಡುಗರು ಅಲ್ಲಿ ಆಡಿ ಮೇಲೆ ಬಂದರು. ನನ್ನ ಇವತ್ತಿನ ಮಾತಿನ ತಿರುಳು ಇದು. ಹೊಸದು ಬರಲಿ, ದೊಡ್ಡದು ಬರಲಿ. ಆದರೆ ಹೊಸದು ಬಂತು ಎಂಬ ಕಾರಣಕ್ಕೆ ಹಳೆಯದನ್ನು ತಿಂದುಬಿಟ್ಟರೆ, ಮುಂದೆ ಆ ಹೊಸದಕ್ಕೆ ಆಟಗಾರರು ಎಲ್ಲಿಂದ ಬರಬೇಕು?

ಹೊರದೇಶದಲ್ಲೂ ಇದೇ ಪಾಠ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ಬು 1904ರಿಂದ ಆಡಿದ ಬೊಲಿನ್ ಗ್ರೌಂಡನ್ನು 2016ರಲ್ಲಿ ಬಿಟ್ಟು, 2012ರ ಒಲಿಂಪಿಕ್ಸಿಗಾಗಿ ಕಟ್ಟಿದ್ದ ದೊಡ್ಡ ಕ್ರೀಡಾಂಗಣಕ್ಕೆ ಹೋಯಿತು. ಹಳೆಯ ಜಾಗದಲ್ಲಿ ವಸತಿ ಸಮುಚ್ಚಯ ಎದ್ದಿತು. "ಆಟ ದೂರವಾಯಿತು" ಎಂದು ಅಲ್ಲಿಯ ಅಭಿಮಾನಿಗಳೂ ನಮ್ಮ ವೆಸ್ಟ್ ಬ್ಲಾಕಿನವರ ಹಾಗೆಯೇ ದೂರಿದರು. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು ಬೇರೆ ದಾರಿ ಹಿಡಿಯಿತು. 1892ರಿಂದ ಆಡಿದ ಗುಡಿಸನ್ ಪಾರ್ಕನ್ನು ಪುರುಷರ ತಂಡ 2025ರಲ್ಲಿ ಬಿಟ್ಟಿತು. ಆದರೆ ಮೈದಾನವನ್ನು ಕೆಡವದೆ ಮಹಿಳೆಯರ ತಂಡಕ್ಕೆ ಕೊಟ್ಟರು. ಒಬ್ಬರಿಗೆ ಹಳತಾದದ್ದು ಇನ್ನೊಬ್ಬರಿಗೆ ಹೊಸ ಮನೆಯಾಯಿತು.

ಈಗ ನಮ್ಮ ಬಯಲಿಗೆ ಬರೋಣ. ನನ್ನ ಗೆಳೆಯ ಹೇಳಿದ ಸರ್ ಎಂ.ವಿ. ಕ್ರೀಡಾಂಗಣ ನಮ್ಮ ಜಿಲ್ಲೆಯ ಹೆಮ್ಮೆ, ಅದು ಇನ್ನೂ ಚೆನ್ನಾಗಿ ಬೆಳೆಯಲಿ. ಆದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದ ಮೇಲೆ ಮಂಡ್ಯಕ್ಕೆ ಬಸ್ಸು ಹತ್ತಿ, ಒಂದು ಗಂಟೆ ಆಡಿ, ಕತ್ತಲಾದ ಮೇಲೆ ಊರಿಗೆ ಬರುತ್ತಾಳೆಯೇ? ಯಾವ ತಾಯಿ ಕಳಿಸುತ್ತಾಳೆ? ಅವಳ ಪಾಲಿಗೆ ಮೈದಾನ ಅಂದರೆ ಈ ಬಯಲು ಒಂದೇ. ಅಶೋಕನಗರದ ಅಭಿಮಾನಿಗಳಿಗೆ ದೂರವಾದದ್ದು 36 ಮೀಟರ್. ಇವಳಿಗೆ ದೂರವಾಗುವುದು ಹತ್ತಾರು ಕಿಲೋಮೀಟರ್.

ನಮ್ಮ ಕಾಲದಲ್ಲಿ ಹುಡುಗರು ಇಡೀ ಮೈದಾನ ಹಿಡಿದುಕೊಳ್ಳುತ್ತಿದ್ದೆವು, ಹೆಣ್ಣುಮಕ್ಕಳಿಗೆ ಉಳಿಯುತ್ತಿದ್ದದ್ದು ಥ್ರೋಬಾಲಿಗೆಂದು ಒಂದು ಮೂಲೆ. ಅದು ಯಾವ ಮೂಲೆ ನೆನಪಿದೆಯೇ? ಈಗ ಭವನಕ್ಕೆ ಅಂದುಕೊಂಡಿರುವ ಪಡುವಣ ಮೂಲೆಯೇ. ಎವರ್ಟನ್ನಿನವರು ಇಡೀ ಕ್ರೀಡಾಂಗಣವನ್ನೇ ಹೆಣ್ಣುಮಕ್ಕಳಿಗೆ ಬಿಟ್ಟರು, ನಾವು ಅವರ ಮೂಲೆಯನ್ನೂ ತೆಗೆದುಕೊಳ್ಳುವುದು ಬೇಡ.

ಹಿರಿಯರಿಗೆ ಇನ್ನೊಂದು ಮಾತು ನೆನಪಿಸುತ್ತೇನೆ. ನಮ್ಮ ಊರುಗಳಲ್ಲಿ ಹಿಂದೆ ಕಣಗಳಿದ್ದವು. ಸುಗ್ಗಿಯಲ್ಲಿ ಸಗಣಿ ಬಳಿದು, ಗುಂಡು ಹೊಡೆದು ರಾಗಿ ಒಕ್ಕುತ್ತಿದ್ದರು. ಮಿಕ್ಕ ದಿನಗಳಲ್ಲಿ ಮಕ್ಕಳು ಅಲ್ಲೇ ಆಡುತ್ತಿದ್ದರು. ವರ್ಷಕ್ಕೆ ಒಂದೂವರೆ ತಿಂಗಳು ಬಳಸುವ ಜಾಗವನ್ನು ಯಾಕೆ ಖಾಲಿ ಬಿಡಬೇಕು ಎಂದು ಒಬ್ಬರು ಮನೆ ಕಟ್ಟಿದರು, ಇನ್ನೊಬ್ಬರು ಕೊಟ್ಟಿಗೆ ಹಾಕಿದರು. ಕಣ ಹೋಯಿತು. ಈಗ ಏನು ಮಾಡುತ್ತಿದ್ದೇವೆ? ರಾಗಿ, ಹುರುಳಿಯನ್ನು ಟಾರು ರಸ್ತೆಗೆ ಹರಡುತ್ತೇವೆ. ಲಾರಿ, ಬಸ್ಸು ತುಳಿಯುತ್ತವೆ, ಬೈಕು ಜಾರಿ ಬೀಳುತ್ತವೆ. ಕಣ ಕಳೆದುಕೊಂಡ ಮೇಲೆ ಬೆಳೆಯನ್ನು ರಸ್ತೆಗೆ ಹಾಕಿದೆವು. ಮೈದಾನ ಕಳೆದುಕೊಂಡ ಮೇಲೆ ಮಕ್ಕಳನ್ನು ರಸ್ತೆಗೆ ಹಾಕುತ್ತೇವೆ. ಬಯಲು ಖಾಲಿ ಇದೆ ಅನ್ನಿಸುವುದು ನಾವು ಹಗಲು ಹನ್ನೆರಡಕ್ಕೆ ನೋಡಿದಾಗ. ಸಂಜೆ ಐದಕ್ಕೆ ಬಂದು ನೋಡಬೇಕು.

ಭವನ ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆ ಬಂದರೆ ವಾರ್ಷಿಕೋತ್ಸವ ನಿಂತುಹೋಗುವುದು ನಮಗೆಲ್ಲ ಗೊತ್ತು. ನನ್ನ ಕೋರಿಕೆ ಮೂರೇ ಮೂರು.

ಮೊದಲನೆಯದು, ಹಿತ್ತಲಿನಲ್ಲಿ ಹೆಂಚು ಒಡೆದು ಬಿದ್ದಿರುವ ಹಳೆಯ ಕೊಠಡಿಗಳ ಜಾಗವನ್ನು ಭವನಕ್ಕೆ ಪರಿಶೀಲಿಸೋಣ. ಅಡಿಪಾಯ ಸ್ವಲ್ಪ ಚಿಕ್ಕದಾದರೆ ಮಹಡಿ ಏರಿಸಬಹುದು. ಕಟ್ಟಡ ಮೇಲಕ್ಕೆ ಬೆಳೆಯಬಲ್ಲದು, ಮೈದಾನ ಮೇಲಕ್ಕೆ ಬೆಳೆಯಲಾರದು.

ಎರಡನೆಯದು, ಮೈದಾನವನ್ನು ಸರ್ವೆ ಮಾಡಿಸಿ, ನಾಲ್ಕು ಕಡೆ ಕಲ್ಲು ನೆಡಿಸಿ, ದಾಖಲೆಯಲ್ಲಿ ಶಾಲೆಯ ಆಟದ ಮೈದಾನ ಎಂದೇ ಬರೆಸೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದವುಗಳ ಪಟ್ಟಿಯಿದೆ. ಕೊಠಡಿ, ಶೌಚಾಲಯ, ಕುಡಿಯುವ ನೀರಿನ ಜೊತೆಗೆ ಆಟದ ಮೈದಾನವೂ ಆ ಪಟ್ಟಿಯಲ್ಲಿದೆ. ಆ ಕಾಯಿದೆ ಎಂಟನೇ ತರಗತಿಯ ತನಕದ ಮಕ್ಕಳದ್ದು, ನಮ್ಮಲ್ಲಿ ಎಂಟನೇ ತರಗತಿ ಇದೆ. ಸರ್ವೆಗೆ, ಕಲ್ಲಿಗೆ ಆಗುವ ಖರ್ಚನ್ನು ನಮ್ಮ ಬ್ಯಾಚಿನವರು ಕೊಡಲು ಒಪ್ಪಿದ್ದೇವೆ.

ಮೂರನೆಯದು, ವಾರದಲ್ಲಿ ಮೂರು ಸಂಜೆ ಇಡೀ ಮೈದಾನ ಹೆಣ್ಣುಮಕ್ಕಳಿಗೆ. ಅವರು ಖೋಖೋ ಆಡಲಿ, ಕಬಡ್ಡಿ ಆಡಲಿ, ಫುಟ್ಬಾಲ್ ಒದೆಯಲಿ. ಚೆಂಡುಗಳನ್ನು ಇವತ್ತೇ ತಂದಿದ್ದೇನೆ, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿವೆ. ಈ ಸಲ ಹೊಲಿಗೆ ಬಿಟ್ಟ ವಾಲಿಬಾಲ್ ಅಲ್ಲ, ನಿಜವಾದ ಫುಟ್ಬಾಲುಗಳೇ.

ಐವತ್ತು ವರ್ಷದಲ್ಲಿ ಈ ಶಾಲೆ ನಮಗೆ ಅಕ್ಷರ ಕೊಟ್ಟಿತು, ಅದಕ್ಕೆ ಕೊಠಡಿಗಳು ಸಾಕ್ಷಿ. ಜೊತೆಗೆ ಸೋತು ಎದ್ದು ಮತ್ತೆ ಆಡುವುದನ್ನೂ ಕಲಿಸಿತು, ಅದಕ್ಕೆ ಈ ಬಯಲು ಸಾಕ್ಷಿ. ಶತಮಾನೋತ್ಸವಕ್ಕೆ ಬರುವವರು ಎರಡನ್ನೂ ಕಾಣುವಂತಾಗಲಿ. ನನ್ನ ಕೋರಿಕೆಗಳನ್ನು ಸಮಿತಿಯ ಮುಂದಿನ ಸಭೆಯಲ್ಲಿ ಚರ್ಚೆಗೆ ಇಡಬೇಕೆಂದು ಅಧ್ಯಕ್ಷರಲ್ಲಿ ಕೈಮುಗಿದು ಕೇಳುತ್ತೇನೆ.