ಪಿಟೀಲಿಗೆ ಎರಡು ಮನೆ



ನಮ್ಮಲ್ಲಿ ಹಳಬರು ಈಗಲೂ ಪಿಟೀಲು ಎಂದೇ ಹೇಳುತ್ತಾರೆ. ಮೈಸೂರಿನ ಚೌಡಯ್ಯನವರು ಜನರ ಬಾಯಲ್ಲಿ ಎಂದೆಂದಿಗೂ ಪಿಟೀಲು ಚೌಡಯ್ಯನವರೇ. ಇಂಗ್ಲಿಷಿನ ಫಿಡಲ್ ಎಂಬ ಮಾತು ನಮ್ಮ ನಾಲಿಗೆಯಲ್ಲಿ ಹೊರಳಿ ಪಿಟೀಲು ಆಯಿತು. ಕಛೇರಿಯ ಆಹ್ವಾನಪತ್ರಿಕೆಗಳಲ್ಲಿ ಅದೇ ವಾದ್ಯ ವಯೊಲಿನ್ ಎಂದು ಅಚ್ಚಾಗುತ್ತದೆ. ಈ ಎರಡು ಹೆಸರುಗಳಲ್ಲಿ ನಾವು ಮೇಲು ಕೀಳು ಎಣಿಸಿದವರಲ್ಲ. ಆದರೆ ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವಯೊಲಿನ್ ಎಂದರೆ ಸಭಾಂಗಣ, ಸ್ವರಲಿಪಿ, ಕಪ್ಪು ಕೋಟು. ಫಿಡಲ್ ಎಂದರೆ ಹಳ್ಳಿಯ ಕಣ, ಶನಿವಾರ ರಾತ್ರಿಯ ಕುಣಿತ, ಕಿವಿಯಿಂದ ಕಿವಿಗೆ ಬಂದ ಮಟ್ಟು. ವಾದ್ಯವಂತೂ ಒಂದೇ. ಕೆಲವು ಫಿಡಲಿಗರು ಎರಡೆರಡು ತಂತಿಗಳನ್ನು ಒಟ್ಟಿಗೆ ನುಡಿಸಲು ಅನುಕೂಲವಾಗಲೆಂದು ಕುದುರೆಯನ್ನು ತುಸು ಚಪ್ಪಟೆಯಾಗಿ ಕೆತ್ತಿಸಿಕೊಳ್ಳುತ್ತಾರೆ. ಉಳಿದ ವ್ಯತ್ಯಾಸವೆಲ್ಲ ಕಮಾನಿನದು, ಕೈಯದು, ಸ್ವಲ್ಪ ಮಟ್ಟಿಗೆ ಜಾತಿಯದು ಎಂದರೂ ತಪ್ಪಾಗಲಾರದು.

ಈ ಎರಡು ಮನೆಗಳಲ್ಲೂ ಬಾಳಿದವನೊಬ್ಬನ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ಹೆಸರು ಮಾರ್ಕ್ ಓಕಾನರ್. 1961ರಲ್ಲಿ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್‌ನಲ್ಲಿ ಹುಟ್ಟಿದವರು. ಮೊದಲು ಕಲಿತದ್ದು ಗಿಟಾರು. ಅದೂ ಪಾಶ್ಚಾತ್ಯ ಶಾಸ್ತ್ರೀಯ ಮತ್ತು ಸ್ಪೇನಿನ ಫ್ಲಮೆಂಕೊ ಶೈಲಿಯದು. ಟೆಲಿವಿಷನ್ನಿನಲ್ಲಿ ಡಗ್ ಕರ್ಷಾ ಎಂಬ ಲೂಯಿಸಿಯಾನದ ಫಿಡಲಿಗನನ್ನು ಕಂಡು ಹುಡುಗ ಆ ವಾದ್ಯಕ್ಕೆ ಮರುಳಾದ. ಫಿಡಲು ಕೈಗೆ ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ನಮ್ಮ ಲೆಕ್ಕದಲ್ಲಿ ಇದು ತಡವೇ. ಆದರೂ 1974ರಲ್ಲಿ, ಹದಿಮೂರರ ಆಸುಪಾಸಿನಲ್ಲಿ, ಅವನ ಮೊದಲ ಧ್ವನಿಮುದ್ರಿಕೆ ಹೊರಬಂದಿತ್ತು!

ಈ ಪವಾಡದ ಹಿಂದೆ ಒಬ್ಬ ಗುರು ಇದ್ದರು. ಬೆನ್ನಿ ಥಾಮಸನ್, ಟೆಕ್ಸಸ್ಸಿನವರು. ಹೊಟ್ಟೆಪಾಡಿಗೆ ಮೋಟಾರು ಕಾರುಗಳ ನೆಗ್ಗಿದ ಮೈ ಸರಿಪಡಿಸುತ್ತಿದ್ದ ಮನುಷ್ಯ, ಆದರೆ ಫಿಡಲಿಗರ ಲೋಕದಲ್ಲಿ ದೊಡ್ಡ ಹೆಸರು. ವಯಸ್ಸಾದ ಮೇಲೆ ಅವರು ವಾಷಿಂಗ್ಟನ್ ರಾಜ್ಯಕ್ಕೆ ಬಂದು ನೆಲೆಸಿದ್ದು ಈ ಹುಡುಗನ ಭಾಗ್ಯ. ಥಾಮಸನ್ ಮಾಡಿದ ಕೆಲಸವನ್ನು ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದು ಸುಲಭ. ಹಳೆಯ ಕುಣಿತದ ಮಟ್ಟುಗಳು ಚಿಕ್ಕವು. ಎರಡು ಭಾಗ, ಅವನ್ನೇ ಮತ್ತೆ ಮತ್ತೆ ನುಡಿಸುವುದು. ಕುಣಿಯುವವರಿಗೆ ಅಷ್ಟೇ ಸಾಕು. ಟೆಕ್ಸಸ್ಸಿನವರು ಅದಕ್ಕೆ ಸಂಗತಿಗಳನ್ನು ಕಟ್ಟಿದರು. ಮಟ್ಟು ಒಂದು ಸಲ ಮಂದ್ರದಲ್ಲಿ, ಒಂದು ಸಲ ತಾರದಲ್ಲಿ, ಒಂದು ಸಲ ಜೋಡಿ ತಂತಿಯಲ್ಲಿ. ಕೃತಿಯ ಪಲ್ಲವಿಗೆ ಒಂದೊಂದಾಗಿ ಸಂಗತಿ ಏರಿಸಿಕೊಂಡು ಹೋಗುವ ಕ್ರಮವೇ ಸರಿ. 1922ರಲ್ಲಿ ಎಕ್ ರಾಬರ್ಟ್‌ಸನ್ ಎಂಬ ಟೆಕ್ಸಸ್ ಫಿಡಲಿಗ ನ್ಯೂಯಾರ್ಕಿಗೆ ಹೋಗಿ ‘ಸ್ಯಾಲಿ ಗುಡನ್’ ಎಂಬ ಮಟ್ಟನ್ನು ಹೀಗೆ ಬಗೆಬಗೆಯಾಗಿ ನುಡಿಸಿ ತಟ್ಟೆ ಕೊಟ್ಟಿದ್ದ. ಥಾಮಸನ್ನರ ಪೀಳಿಗೆ ಅದನ್ನು ಒಂದು ಶಾಸ್ತ್ರವಾಗಿಸಿತು. ಅವರ ಕಮಾನು ಉದ್ದ, ನಡೆ ಸಾವಧಾನ. ಪಕ್ಕದ ಗಿಟಾರಿನವನು ಪ್ರತಿ ಹೊಡೆತಕ್ಕೂ ಸ್ವರಮೇಳ ಬದಲಿಸುತ್ತ ಬರುತ್ತಾನೆ. ಹುಡುಗ ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ಎದುರು ಕುಳಿತು.

ಐಡಹೊ ರಾಜ್ಯದ ವೀಸರ್ ಎಂಬ ಸಣ್ಣ ಊರಿನಲ್ಲಿ ಪ್ರತಿ ಜೂನ್‌ನಲ್ಲಿ ರಾಷ್ಟ್ರೀಯ ಫಿಡಲ್ ಸ್ಪರ್ಧೆ ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಒಂದು ಕುಣಿತದ ಮಟ್ಟು, ಒಂದು ವಾಲ್ಟ್ಸ್, ಒಂದು ಸ್ವಂತ ಆಯ್ಕೆ. ಮೂರಕ್ಕೂ ಸೇರಿ ನಾಲ್ಕು ನಿಮಿಷ. ಅಲ್ಲಿನ ಮಹಾ ಚಾಂಪಿಯನ್ ಪಟ್ಟ 1979ರಿಂದ 1984ರ ನಡುವೆ ನಾಲ್ಕು ಸಲ ಓಕಾನರಿಗೆ ಬಂತು. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈ ಸ್ಪರ್ಧೆಯ ಶೈಲಿಯನ್ನು ಒಪ್ಪದ ಹಳ್ಳಿಗರು ಅಮೆರಿಕದಲ್ಲಿ ಅಂದೂ ಇದ್ದರು, ಇಂದೂ ಇದ್ದಾರೆ. ಫಿಡಲು ಕುರ್ಚಿಯಲ್ಲಿ ಕುಳಿತು ಕೇಳುವ ವಸ್ತುವಾದಾಗ ಕುಣಿಯುವವನು ಎಲ್ಲಿಗೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಅದು ಅಸೂಯೆಯ ಪ್ರಶ್ನೆಯಲ್ಲ.

ಎರಡನೆಯ ಗುರು ಪ್ಯಾರಿಸ್ಸಿನವರು. ಸ್ಟೆಫಾನ್ ಗ್ರಾಪೆಲಿ, 1908ರಲ್ಲಿ ಹುಟ್ಟಿದವರು. ಮೂಕಿ ಚಿತ್ರಗಳಿಗೆ ಪರದೆಯ ಮುಂದೆ ಕುಳಿತು ನುಡಿಸಿ, 1934ರಲ್ಲಿ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಜೊತೆ ಐವರ ತಂಡ ಕಟ್ಟಿ, ಜಾಜ್ ಸಂಗೀತದಲ್ಲಿ ಪಿಟೀಲಿಗೂ ಒಂದು ಪೀಠವಿದೆಯೆಂದು ತೋರಿಸಿದವರು. 1979ರಲ್ಲಿ ಮ್ಯಾಂಡೊಲಿನ್ ವಾದಕ ಡೇವಿಡ್ ಗ್ರಿಸ್‌ಮನ್ ತಂಡ ಗ್ರಾಪೆಲಿಯವರೊಡನೆ ಅಮೆರಿಕ ಸುತ್ತಿತು. ಆ ತಂಡದಲ್ಲಿ ಹದಿನೆಂಟರ ಓಕಾನರ್ ಇದ್ದರು. ಗಮನಿಸಿ, ಗಿಟಾರ್ ವಾದಕರಾಗಿ! ಎಪ್ಪತ್ತು ದಾಟಿದ ಮುದುಕರು ಮುಂದೆ ನಿಂತು ನುಡಿಸುತ್ತಿದ್ದರೆ ಫಿಡಲ್ ಚಾಂಪಿಯನ್ ಹಿಂದೆ ಕುಳಿತು ತಾಳ ಹಿಡಿಯುತ್ತಿದ್ದ. ಆಗೊಮ್ಮೆ ಈಗೊಮ್ಮೆ ಜೋಡಿ ಪಿಟೀಲಿಗೆ ಅವಕಾಶ. ಥಾಮಸನ್ನರಿಂದ ಬಂದದ್ದು ಕಟ್ಟಿದ ಸಂಗತಿ. ಗ್ರಾಪೆಲಿಯವರ ಹತ್ತಿರ ಕಂಡದ್ದು ಮನೋಧರ್ಮ, ಆ ಗಳಿಗೆಯಲ್ಲಿ ಹುಟ್ಟಿ ಮರುದಿನ ಬೇರೆಯಾಗುವ ಸಂಗೀತ.

ಮುಂದೆ ಡಿಕ್ಸಿ ಡ್ರೆಗ್ಸ್ ಎಂಬ ರಾಕ್ ತಂಡದಲ್ಲಿ ಸ್ವಲ್ಪ ಕಾಲ. ಅದನ್ನು ದಾಟಿ ಹೋಗೋಣ. 1983ರಲ್ಲಿ ಅವರು ನ್ಯಾಶ್‌ವಿಲ್ ಸೇರಿದರು. ಅದು ಕಂಟ್ರಿ ಸಂಗೀತದ ಕೋಡಂಬಾಕ್ಕಂ. ಸ್ಟುಡಿಯೋಗೆ ಬಂದವರಿಗೆ ಪೂರ್ಣ ಸ್ವರಲಿಪಿ ಸಿಗುವುದು ಅಪರೂಪ. ಸ್ವರಮೇಳಗಳನ್ನು ಒಂದು, ನಾಲ್ಕು, ಐದು ಎಂದು ಅಂಕಿಗಳಲ್ಲಿ ಗೀಚಿದ ಚೀಟಿ ಸಿಗುತ್ತದೆ. ಗಾಯಕ ಶ್ರುತಿ ಏರಿಸಿದರೂ ಇಳಿಸಿದರೂ ಅಂಕಿ ಬದಲಾಗದು, ನಮ್ಮ ಸರಿಗಮದ ಹಾಗೆ. ನೂರಾರು ಧ್ವನಿಮುದ್ರಿಕೆಗಳಲ್ಲಿ ಓಕಾನರ್ ಹೀಗೆ ನುಡಿಸಿದರು. ಕಂಟ್ರಿ ಸಂಗೀತ ಸಂಘ 1991ರಿಂದ 1996ರವರೆಗೆ ಸತತ ಆರು ವರ್ಷ ಅವರನ್ನು ವರ್ಷದ ವಾದಕರೆಂದು ಆರಿಸಿತು. ಆದರೆ ತಮಾಷೆ ನೋಡಿ: ಆ ಹೊತ್ತಿಗೆ ಅವರು ಸ್ಟುಡಿಯೋ ಕೆಲಸಕ್ಕೆ ಬೆನ್ನು ತಿರುಗಿಸಿಯಾಗಿತ್ತು. ಬೇರೆಯವರ ಹಾಡಿನ ನಡುವೆ ಎಂಟು ಆವರ್ತ ನುಡಿಸಿ ಮನೆಗೆ ಹೋಗುವುದು ಸಂಪಾದನೆಯ ದಾರಿಯೇ ಹೊರತು ಅವರಿಗೆ ಬೇಕಾದ ದಾರಿಯಾಗಿರಲಿಲ್ಲ.

1993ರ ‘ಹೀರೋಸ್’ ಎಂಬ ಧ್ವನಿಮುದ್ರಿಕೆ ಅವರ ಗುರುದಕ್ಷಿಣೆ. ಗ್ರಾಪೆಲಿ ಅಲ್ಲಿದ್ದಾರೆ. 1984ರಲ್ಲಿ ತೀರಿಕೊಂಡ ಥಾಮಸನ್ ಹಳೆಯ ಮುದ್ರಣದ ಮೂಲಕ ಬಂದಿದ್ದಾರೆ. ಬಾಲ್ಯದಲ್ಲಿ ಮರುಳು ಮಾಡಿದ ಕರ್ಷಾ ಇದ್ದಾರೆ, ಶಾಸ್ತ್ರೀಯ ಪಂಥದ ಪಿಂಕಾಸ್ ಝುಕರ್‌ಮನ್ ಇದ್ದಾರೆ. ‘ಶಕ್ತಿ’ ತಂಡದಿಂದ ಹೆಸರಾದ ನಮ್ಮ ಎಲ್. ಶಂಕರ್ ಕೂಡ ಇದ್ದಾರೆ.

ಅನಂತರ ಸಿಂಫೊನಿಯ ಬಾಗಿಲು. ಓಕಾನರ್ ವಾದ್ಯವೃಂದದೊಡನೆ ನುಡಿಸಲು ಒಂದು ಕಾನ್ಸರ್ಟೊ ಬರೆದರು. ಅದಕ್ಕೆ ವಯೊಲಿನ್ ಕಾನ್ಸರ್ಟೊ ಎನ್ನದೆ ಹಠ ಹಿಡಿದು ‘ಫಿಡಲ್ ಕಾನ್ಸರ್ಟೊ’ ಎಂದೇ ಹೆಸರಿಟ್ಟರು. ಮುದ್ರಣ ಬಂದದ್ದು 1995ರಲ್ಲಿ. ನನ್ನ ಕಿವಿಗೆ ಅದು ಸಮಸಮವಾದ ಕೃತಿಯಲ್ಲ. ಫಿಡಲು ಓಡುವಾಗ ವಾದ್ಯವೃಂದ ಎಷ್ಟೋ ಕಡೆ ಬದಿಗೆ ಸರಿದು ದಾರಿ ಬಿಟ್ಟಂತಿದೆ. ಮರುವರ್ಷ ಚೆಲೊ ವಾದಕ ಯೊ ಯೊ ಮಾ ಮತ್ತು ಬೇಸ್ ವಾದಕ ಎಡ್ಗರ್ ಮೆಯರ್ ಜೊತೆ ತಂದ ‘ಅಪಲೇಶಿಯಾ ವಾಲ್ಟ್ಸ್’ ಇದಕ್ಕಿಂತ ಬಹಳ ಮೇಲು. ಅಲ್ಲಿ ವೇಗದ ಮೆರೆದಾಟವಿಲ್ಲ. ಶ್ರುತಿಯಂತೆ ನಿಂತ ತಂತಿಯ ಮೇಲೆ ಮೆಲ್ಲಗೆ ಸಾಗುವ ಮಟ್ಟು. ಶಾಸ್ತ್ರೀಯದವರು ಸ್ವರವನ್ನು ಸದಾ ಅಲುಗಿಸುತ್ತಾರೆ, ಫಿಡಲಿಗರು ಅಲುಗಿಸುವುದು ಕಡಿಮೆ. (ಇದನ್ನು ನಮ್ಮ ಗಮಕವೆಂದು ತಿಳಿಯಬಾರದು, ಗಮಕ ರಾಗದ ಜೀವ, ಇದು ನಾದದ ಬಣ್ಣ.) ಲೋಕಪ್ರಸಿದ್ಧನಾದ ಮಾ ಇಲ್ಲಿ ಅದನ್ನು ಬಿಗಿಹಿಡಿದು ನುಡಿಸಬೇಕಾಯಿತು. ಕಲಿಸುವವನ ಜಾಗದಲ್ಲಿ ಫಿಡಲಿಗ, ಕಲಿಯುವವನ ಜಾಗದಲ್ಲಿ ಸಭಾಂಗಣದ ಧಣಿ!

ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿಯೇನು ಎಂದು ನಮ್ಮವರು ಕೇಳುತ್ತಾರೆ. ಸಿನಿಮಾಕ್ಕೆ ನುಡಿಸಿದವರನ್ನು ಕಛೇರಿಯವರು ವಾರೆಗಣ್ಣಿನಿಂದ ನೋಡಿದ ಕಾಲ ನಮ್ಮಲ್ಲೂ ಇತ್ತು. ಓಕಾನರ್ ಪ್ರತಿ ದೋಣಿಯಲ್ಲೂ ವರ್ಷಗಟ್ಟಲೆ ಹುಟ್ಟು ಹಾಕಿದವರು. ಒಂದು ಶೈಲಿಯ ಮೇಲೆ ಮತ್ತೊಂದರ ಒಗ್ಗರಣೆ ಹಾಕಿದವರಲ್ಲ. ಹಾಗೆಂದು ನಷ್ಟವಾಗಲಿಲ್ಲವೆಂದೇನಲ್ಲ. ಥಾಮಸನ್ನರ ಹಳೆಯ ಮುದ್ರಣಗಳಲ್ಲಿರುವ ಒಂದು ಒರಟುತನ, ಕಮಾನಿನ ರಾಳದ ಸದ್ದು, ಶಿಷ್ಯನ ನುಣುಪಾದ ನಾದದಲ್ಲಿ ಸಿಗುವುದಿಲ್ಲ.

2009ರಲ್ಲಿ ಅವರು ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಹೊರತರಲು ತೊಡಗಿದರು. ಅಮೆರಿಕದ ಮಗು ಅಮೆರಿಕದ ಮಟ್ಟುಗಳಿಂದಲೇ ಕಮಾನು ಹಿಡಿಯಲಿ, ಮೊದಲಿನಿಂದಲೇ ಸ್ವಂತವಾಗಿ ಕಟ್ಟಿ ನುಡಿಸಲಿ ಎಂಬ ವಾದ. ಜಗತ್ತಿನಾದ್ಯಂತ ಹರಡಿರುವ ಜಪಾನಿನ ಸುಝುಕಿ ಪದ್ಧತಿಯ ಮೇಲೆ ಅವರು ಮಾಡಿದ ಕಟುಟೀಕೆಯಿಂದ 2014ರಲ್ಲಿ ದೊಡ್ಡ ಜಗಳವೇ ಆಯಿತು. ಆ ಪದ್ಧತಿಯ ಪರವಾಗಿ ನಿಂತವರೂ ಬಹಳ. ಅದಾದ ಮೇಲೆ ಓಕಾನರ್ ಮನೆಮಂದಿಯನ್ನೇ ಸೇರಿಸಿ ತಂಡ ಕಟ್ಟಿದರು, ಪಕ್ಕಾ ಬ್ಲೂಗ್ರಾಸ್ ಶೈಲಿಯದು. ಆ ತಂಡದ ‘ಕಮಿಂಗ್ ಹೋಮ್’ ಧ್ವನಿಮುದ್ರಿಕೆಗೆ 2017ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.